ಹೋಲಿಸಿ ಬರೆಯಿರಿ

ಬೋರ್ಡಿನ ನಡುವೆ ಒಂದು ಗೆರೆ ಎಳೆದೆ.
ಎಡಕ್ಕೆ ಭಾರತ, ಬಲಕ್ಕೆ ಬಾಂಗ್ಲಾದೇಶ.
ಚಾಕ್‌ಪೀಸು ಅರ್ಧಕ್ಕೇ ಮುರಿದು
ಗೆರೆ ಕೆಳಗಿಳಿಯುವಷ್ಟರಲ್ಲಿ ಸೊಟ್ಟಗಾಯಿತು.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಗೆರೆ ನೋಡಿ ಅಲ್ಲ.
ಇಡೀ ತರಗತಿ ಹೊರಳಿ ಕಾಕಲಿಯನ್ನು ನೋಡುತ್ತಿತ್ತು.

ಕಾಕಲಿ ಗಾಯೆನ್, ಮೂರನೇ ನಂಬರಿನ ಕ್ಯಾಂಪು.
ಹುಟ್ಟಿದ್ದು ಸಿಂಧನೂರಿನ ಸರಕಾರಿ ದವಾಖಾನೆಯಲ್ಲಿ,
ಅವಳಪ್ಪ ಹುಟ್ಟಿದ್ದು ಕ್ಯಾಂಪಿನ ತಗಡಿನ ಶೆಡ್ಡಿನಲ್ಲಿ.
ಹಾಜರಿ ಕೂಗಿದರೆ "ಅದೀನ್ರಿ" ಅನ್ನುತ್ತಾಳೆ.
ಚಾಮರಾಜನಗರದಿಂದ ವರ್ಗವಾಗಿ ಬಂದ ನನಗಿಂತ
ಈ ಊರಿನ ಕನ್ನಡ ಅವಳ ಬಾಯಲ್ಲಿ ಹದವಾಗಿದೆ.

ತಲಾ ಆದಾಯ. ಜನಸಾಂದ್ರತೆ. ಶಿಶುಮರಣ.
ಹೆಣ್ಣುಮಕ್ಕಳ ದುಡಿಮೆ. ಕಾಡು ಎಷ್ಟು, ನೀರು ಎಷ್ಟು.
ಪುಸ್ತಕ ನೋಡಿ ಅಂಕಿ ಬರೆಸಿದೆ;
ಆ ಪುಸ್ತಕ ಅಚ್ಚಾದ ವರ್ಷ
ಇವರೆಲ್ಲ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು.

"ಸಿದ್ಧ ಉಡುಪು ರಫ್ತು" ಎಂದಾಗ ಮೌನೇಶ ಎದ್ದ.
"ನಮ್ಮಣ್ಣ ಬಳ್ಳಾರ್ಯಾಗ ಜೀನ್ಸ್ ಹೊಲಿತಾನ್ರಿ ಮೇಡಮ್,
ಕೌಲ್‌ಬಜಾರದಾಗ. ಒಂದು ಪ್ಯಾಂಟಿಗಿ ಇಷ್ಟಂತ ಲೆಕ್ಕ.
ಈ ಸಲದ ಆರ್ಡರು ಢಾಕಾಕ್ಕ ಹೋತಂತ.
ಅಲ್ಲಿ ಸಸ್ತಾ ಹೊಲಿತಾರಂತ."
ಕೂಡುವ ಮೊದಲು ಅವನೂ ಒಮ್ಮೆ ಅವಳ ಕಡೆ ನೋಡಿದ,
ಮಷೀನುಗಳನ್ನೆಲ್ಲ ರಾತ್ರೋರಾತ್ರಿ
ಅವಳೇ ತಲೆಮೇಲೆ ಹೊತ್ತು ಗಡಿ ದಾಟಿಸಿದಂತೆ.

ಸಸ್ತಾ ಹೊಲಿಯುವವಳ ಬೆರಳೂ
ನಿಮ್ಮಣ್ಣನ ಬೆರಳಿನ ಹಾಗೇ ನೀಲಿ, ಮೌನೇಶ,
ಹೇಳಬೇಕೆಂದುಕೊಂಡೆ. ಗಂಟೆ ಹೊಡೆಯಿತು.

ಟೆಸ್ಟಿಗೆ ಅದನ್ನೇ ಕೇಳಿದೆ, ಹತ್ತು ಅಂಕಕ್ಕೆ.
ನಲವತ್ತೊಂದು ಉತ್ತರಪತ್ರಿಕೆ. ನಲವತ್ತರಲ್ಲಿ
ನನ್ನದೇ ದನಿ ನನಗೇ ವಾಪಸು.
ಒಂದರಲ್ಲಿ ಮಾತ್ರ ನಡುಗೆರೆಯಿದೆ, ಅಂಕಿಗಳಿಲ್ಲ.

"ಮಣ್ಣು: ಅಲ್ಲಿಯದು ನದಿ ತಂದು ಹಾಕಿದ್ದು, ಪ್ರತಿ ವರ್ಷ ಹೊಸದು.
ಇಲ್ಲಿಯದು ಎರೆ, ಬೇಸಿಗೆಯಲ್ಲಿ ಬಿರಿಯುತ್ತದೆ.
ಬಂದ ವರ್ಷವೇ ಆ ಬಿರುಕಿನಲ್ಲಿ ಅಜ್ಜಿಯ ಮೂಗುತಿ ಬಿತ್ತು.
ಸಿಗಲಿಲ್ಲ.

ನೀರು: ಅಲ್ಲಿ ನದಿ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ.
ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಇದೆ,
ಅದು ಇಂಜಿನಿಯರು ಹೇಳಿದಾಗ ಹರಿಯುತ್ತದೆ.
ವಾಪಸು ಯಾವಾಗ ಬರುತ್ತದೆ ಎಂದು
ಅಜ್ಜಿ ಗೇಟಿನವನನ್ನು ಕೇಳಿದ್ದಳು.

ಆಹಾರ: ಎರಡೂ ಕಡೆ ಅನ್ನ. ಇಲ್ಲಿ ಮೊದಲು ಜೋಳ ಇತ್ತು.
ಎರೆ ಹೊಲದಲ್ಲಿ ಮೀನಿಗೆ ಹೊಂಡ ತೋಡಿದ್ದಕ್ಕೆ ಊರು ನಕ್ಕಿತು.
ಈಗ ಐತವಾರ ಉದ್ರಿ ಹೇಳಿ ಮೀನು ಒಯ್ಯುತ್ತಾರೆ,
ಮೌನೇಶನ ಮನೆಯವರೂ.

ಸಮಾಜ: ಎರಡೂ ದೇಶಗಳಲ್ಲಿ ಕಾಗದ ಕೇಳುತ್ತಾರೆ.

ತಲಾ ಆದಾಯ: ಅಜ್ಜಿಗೆ ಗೊತ್ತಿಲ್ಲ.

ಮೂಲ: ಅಜ್ಜಿ, ಸರಳಾಬಾಲಾ ಗಾಯೆನ್,
ವಯಸ್ಸು ಎಪ್ಪತ್ತೆಂಟೋ ಎಂಬತ್ತೋ."

ಕೆಂಪು ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಕೂತೆ.
ಮಾದರಿ ಉತ್ತರದಲ್ಲಿ ಮೂಗುತಿಗೆ ಅಂಕವಿಲ್ಲ.
ಅಜ್ಜಿ ಬಿಟ್ಟು ಬಂದಾಗ ಬಲಗಡೆಯ ದೇಶಕ್ಕೆ
ಆ ಹೆಸರೇ ಇರಲಿಲ್ಲ. ಪಾಠ ಮಾಡುವಾಗ
ಇದು ನನಗೇ ಹೊಳೆದಿರಲಿಲ್ಲ.
"ಅಂಕಿಅಂಶ ಎಲ್ಲಿ?" ಎಂದು ಬದಿಗೆ ಬರೆದು
ಆರು ಕೊಟ್ಟೆ. ಹೊಡೆದು ಏಳು ಮಾಡಿದೆ.
ಮೌನೇಶನಿಗೆ ಒಂಬತ್ತು.

ಸಂಜೆ ರೂಮಿಗೆ ಹೋಗುವ ದಾರಿಯಲ್ಲಿ
ಕಾಲುವೆಗೆ ನೀರು ಬಿಟ್ಟಿದ್ದರು.
ಸೇತುವೆಯ ಕಟ್ಟೆಗೆ ಚೀಲ ಆನಿಸಿ ನಿಂತೆ.
ಗೊಬ್ಬರದ ಖಾಲಿ ಚೀಲ ಹೋಯಿತು,
ಒಂಟಿ ರಬ್ಬರ್ ಚಪ್ಪಲಿ ಹೋಯಿತು,
ಎಲ್ಲ ಒಂದೇ ದಿಕ್ಕಿಗೆ, ಮಾನ್ವಿಯ ಕಡೆಗೆ.
ಕತ್ತಲಾಗುತ್ತ ಬಂತು. ಗೇಟಿನವನು
ಸೈಕಲ್ಲು ನಿಲ್ಲಿಸಿ ಒಂದು ಕಾಲು ನೆಲಕ್ಕೂರಿ ಕೇಳಿದ:
"ಯಾರ್ನ ಕಾಯಾಕತ್ತೀರಿ ಮೇಡಮ್ಮೋರೆ?"